ಅಕ್ಕ ಬೆಸೆದ ನಲವತ್ತು ಅಡಿ ವೈರು

ಮೊನ್ನೆ ಚಳ್ಳಕೆರೆ ಬಸ್ ನಿಲ್ದಾಣದ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ನನ್ನ ಫೋನು ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಚಾರ್ಜಿಂಗ್ ಪಿನ್ನು ಕೈಕೊಟ್ಟಿತ್ತು. ಅಂಗಡಿಯಾತ ಕಾದ ಸೋಲ್ಡರಿಂಗ್ ಕಡ್ಡಿಯನ್ನು ಸೀಸದ ತಂತಿಗೆ ಮುಟ್ಟಿಸಿದ್ದೇ ತಡ, ಒಂದೆಳೆ ಹೊಗೆ ಎದ್ದು ನನ್ನ ಮೂಗಿನವರೆಗೆ ಬಂತು. ರಾಳ ಸುಟ್ಟ ವಾಸನೆ. ನಿಮಗೆ ಅದು ಹಿಡಿಸುತ್ತದೋ ಇಲ್ಲವೋ ತಿಳಿಯದು. ನನಗಂತೂ ಆ ವಾಸನೆ ಬಂದರೆ ಭಾವ ನೆನಪಾಗುತ್ತಾರೆ. ಎರಡು ವರ್ಷದಿಂದ ಈಚೆಗೆ ಅಕ್ಕನೂ.

ಅಕ್ಕನನ್ನು ಕೊಟ್ಟಿದ್ದು ಮೊಳಕಾಲ್ಮೂರಿನಲ್ಲೇ, ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆಗೆ. ಎರಡೂ ಮನೆಯಲ್ಲಿ ಮಗ್ಗ, ಎರಡೂ ಮನೆಯಲ್ಲಿ ಅಡುಗೆಮನೆಯ ಮಾತು ತೆಲುಗು, ಬೀದಿಯ ಮಾತು ಕನ್ನಡ. ಆದರೆ ಭಾವ ಮಗ್ಗಕ್ಕೆ ಕೂತವರಲ್ಲ. ಹರೆಯದಲ್ಲೇ ರೇಡಿಯೋ ಬಿಚ್ಚಲು ಕಲಿತು, ಪೇಟೆಯಲ್ಲಿ ಒಂದು ಸಣ್ಣ ಅಂಗಡಿ ಇಟ್ಟರು. ಮದುವೆಗಳಿಗೆ ಮೈಕ್ ಸೆಟ್ಟು, ಶಾಲೆಗಳಿಗೆ ಆಂಪ್ಲಿಫೈಯರು, ಊರಿಗೆಲ್ಲ ಟೇಪ್ ರಿಕಾರ್ಡರ್ ರಿಪೇರಿ. ಸೀರೆ ನೇಯುವುದು ಅಕ್ಕನ ಪಾಲಿಗೆ ಬಂತು. ನಡುಮನೆಯಲ್ಲಿ ಅವಳ ಮಗ್ಗ, ಪಡಸಾಲೆಯ ಮೂಲೆಯಲ್ಲಿ ಅವರ ಮೇಜು. ಮೂವತ್ತೈದು ವರ್ಷ ಅವಳು ಆ ಮೇಜನ್ನು ಮುಟ್ಟಲಿಲ್ಲ, ಅವರು ಮಗ್ಗವನ್ನು ಮುಟ್ಟಲಿಲ್ಲ. ಜಗಳವೇನೂ ಇರಲಿಲ್ಲ. ಅವರವರ ಸೀಮೆ ಅವರವರದು, ಅಷ್ಟೆ.

ನಾನು ಹೈಸ್ಕೂಲಿನಲ್ಲಿದ್ದಾಗ ಭಾವ ಒಂದು ಮದುವೆಯ ಚಪ್ಪರದಲ್ಲಿ ನನ್ನ ಕಿವಿಯನ್ನು ಸ್ಪೀಕರಿಗೆ ಹಚ್ಚಿ, "ಏನ್ ಕೇಳ್ತೈತೆ?" ಅಂದಿದ್ದರು.

"ಏನೂ ಇಲ್ಲ ಭಾವ."

"ಅದೇ ನೋಡು. ಹಾಡು ಹಾಕ್ದಾಗ ಹಾಡು ಕೇಳ್ಬೇಕು, ಹಾಕ್ದೇ ಇದ್ದಾಗ ಏನೂ ಕೇಳ್ಬಾರ್ದು. ಹಾಡ್ನ ಯಾರಾದ್ರೂ ಹಾಕ್ತಾರೆ. ಏನೂ ಕೇಳ್ದಂಗೆ ಮಾಡೋದೇ ಕಸುಬು."

ಇಷ್ಟು ದೊಡ್ಡ ಪಾಠವನ್ನು ಅಷ್ಟು ಸಣ್ಣ ವಯಸ್ಸಿನಲ್ಲಿ ಕೇಳಿದವನು ಮುಂದೆ ಬುದ್ಧಿವಂತನಾಗಬೇಕಿತ್ತು. ನಾನು ಮೇಷ್ಟ್ರಾದೆ. ಚಳ್ಳಕೆರೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಾ, ಐವತ್ತು ದಾಟಿದ ಮೇಲೆ, ಯಾರೋ ಸಹೋದ್ಯೋಗಿಯ ಮನೆಯಲ್ಲಿ ನೋಡಿ ಆಸೆ ಹುಟ್ಟಿ ಒಂದು ಹೋಮ್ ಥಿಯೇಟರ್ ತಂದೆ. ಟಿ.ವಿ.ಯ ಅಕ್ಕಪಕ್ಕಕ್ಕೆ ಸಣ್ಣ ಸ್ಪೀಕರುಗಳು, ಜೊತೆಗೆ ನೆಲ ನಡುಗಿಸುವ ದಪ್ಪ ಸದ್ದಿಗೆ ಊಫರ್ ಎನ್ನುವ ಒಂದು ದೊಡ್ಡ ಡಬ್ಬ. ನನ್ನ ಹೆಂಡತಿ ಆ ಡಬ್ಬವನ್ನು ನೋಡಿದವಳೇ, "ಇದು ಟಿ.ವಿ. ಹತ್ರ ಬ್ಯಾಡ, ಓಡಾಡೋಕೆ ಅಡ್ಡ" ಎಂದು ಹಾಲಿನ ಹಿಂದಿನ ಮೂಲೆ ತೋರಿಸಿದಳು. ಡಬ್ಬದ ಜೊತೆ ಬಂದ ವೈರು ಆರು ಅಡಿ. ಆ ಮೂಲೆಗೆ ಗೋಡೆ ಸುತ್ತಿ ಹೋಗಲು ಬೇಕಾದದ್ದು ನಲವತ್ತು ಅಡಿ.

ಅಂಗಡಿಯಲ್ಲಿ ಸಿಕ್ಕ ಉದ್ದನೆಯ ವೈರನ್ನು ತಂದೆ. ಎಲೆಕ್ಟ್ರಿಷಿಯನ್ ಬಂದು ಅದನ್ನು ಗೋಡೆಯೊಳಗೆ ಮಾಯ ಮಾಡಿಕೊಟ್ಟ. ಸ್ವಿಚ್ ಹಾಕಿದರೆ ಊಫರು ಗುಂಯ್ ಎನ್ನತೊಡಗಿತು. ಸಿನಿಮಾ ಇರಲಿ ಬಿಡಲಿ, ಗುಂಯ್. ಚಿನ್ನದ ಬಣ್ಣದ ಪಿನ್ನುಗಳಿದ್ದ ಇನ್ನೊಂದು ವೈರು ತರಿಸಿದೆ. ಗುಂಯ್ ಸ್ವಲ್ಪ ತಗ್ಗಿದರೂ ನಿಲ್ಲಲಿಲ್ಲ. ಕೊನೆಗೆ ಭಾವನಿಗೆ ಫೋನು ಮಾಡಿದೆ.

"ಕರೆಂಟ್ ವೈರ್ ಜೊತೆಗೆ ಒಂದೇ ಪೈಪಿನಾಗೆ ಎಳ್ಸಿದ್ದೀಯಾ?" ಎಂದರು.

"ಹೂಂ."

"ಹಂಗಾದ್ರೆ ಅದು ಸುಮ್ನೆ ಹೆಂಗಿರ್ತೈತಪ್ಪ. ಆ ಕರೆಂಟಿನ ಸದ್ದೇ ಇದ್ರೊಳಗೆ ಇಳಿತೈತೆ. ಒಳ್ಳೆ ಶೀಲ್ಡ್ ವೈರ್ ಬೇಕು, ಸುತ್ತ ತಾಮ್ರದ ಕವಚ ಇರೋದು. ರೆಡಿಮೇಡ್‌ನಾಗೆ ಮೇಲೆಲ್ಲ ದಪ್ಪ, ಒಳಗೆ ನಾಲ್ಕೇ ಎಳೆ. ನಾವೇ ಮಾಡ್ಕಬೇಕು."

"ಬಂದು ಮಾಡ್ಕೊಡ್ರಿ ಭಾವ."

"ನೋಡಾನ" ಅಂದರು.

ಆ 'ನೋಡಾನ' ಮೂರು ತಿಂಗಳು ನಡೆಯಿತು. ಒಂದು ಸಲ ಬಿಸಿಲು, ಒಂದು ಸಲ ಸೊಂಟ, ಇನ್ನೊಂದು ಸಲ ಅಂಗಡಿ ಬಿಟ್ಟು ಬರಲಾಗದು. ಅಂಗಡಿಯ ಬಾಗಿಲು ಹಾಕಿ ಆಗಲೇ ವರ್ಷವಾಗುತ್ತಾ ಬಂದಿತ್ತು ಎನ್ನುವುದು ನನಗೆ ಗೊತ್ತಿರಲಿಲ್ಲ. ಎಪ್ಪತ್ತು ಕಿಲೋಮೀಟರೂ ಇಲ್ಲದ ಊರಿನ ಸುದ್ದಿ ನನಗೆ ತಿಳಿಯದಿದ್ದದ್ದು ಏಕೆ ಎಂದು ನೀವು ಕೇಳಬಹುದು. ನಾನು ಫೋನು ಮಾಡುತ್ತಿದ್ದದ್ದೆಲ್ಲ ನನ್ನ ವೈರಿನ ಬಗ್ಗೆಯೇ.

ಅಷ್ಟರಲ್ಲಿ ನಾಯಕನಹಟ್ಟಿಯಲ್ಲಿ ನೆಂಟರ ಮದುವೆ ಬಂತು. ಊಟದ ಸಾಲಿನಲ್ಲಿ ಭಾವ ನನ್ನ ಎದುರಿಗೇ ಕೂತಿದ್ದರು. ಎಲೆಯ ಮುಂದೆ ಒಂದು ಚಮಚ ತರಿಸಿಕೊಂಡು, ತಲೆ ತಗ್ಗಿಸಿ, ತುಂಬಾ ಹೊತ್ತು ತೆಗೆದುಕೊಂಡು ಉಣ್ಣುತ್ತಿದ್ದರು. ನನಗೆ ಒಳಗೆ ಮುನಿಸಿತ್ತು. ಸುತ್ತ ನಾಲ್ಕು ಜನ ನೆಂಟರಿದ್ದಾರೆ ಎಂಬ ಉಮೇದು ಬೇರೆ.

"ನಮ್ ಭಾವ ಈಗ ಸಾಹೇಬ್ರಾಗವ್ರೆ. ಊಟಕ್ಕೂ ಚಮಚ. ನಮ್ಮಂಥೋರ ಸಣ್ಣ ಕೆಲಸಕ್ಕೆಲ್ಲ ಇನ್ನೆಲ್ಲಿ ಕೈ ಹಾಕ್ತಾರೆ" ಎಂದೆ.

ಎಲ್ಲರೂ ನಕ್ಕರು. ಭಾವನೂ ನಕ್ಕ ಹಾಗೆ ಮಾಡಿ ಚಮಚವನ್ನು ಎಲೆಯ ಮೇಲಿಟ್ಟರು. ಮತ್ತೆ ಅದನ್ನು ಎತ್ತಿಕೊಳ್ಳಲಿಲ್ಲ. ಹೆಂಗಸರ ಸಾಲಿನಿಂದ ಅಕ್ಕ ನನ್ನನ್ನು ಒಮ್ಮೆ ನೋಡಿದಳು. ಅದಾದ ಮೇಲೆ ಒಂದು ತಿಂಗಳು ಅವಳ ಫೋನು ಬರಲಿಲ್ಲ. ವಾರಕ್ಕೆರಡು ಸಲ ಮಾತಾಡುತ್ತಿದ್ದವಳು. ನಾನಾಗಿ ಮಾಡಿದರೆ "ಮಗ್ಗದಾಗೆ ಇದೀನಿ" ಎಂದು ಇಟ್ಟುಬಿಡುತ್ತಿದ್ದಳು.

ಒಂದು ಭಾನುವಾರ ತಡೆಯಲಾರದೆ ಬೆಳಗಿನ ಬಸ್ಸು ಹತ್ತಿದೆ. ಬಿ.ಜಿ. ಕೆರೆ ದಾಟುವವರೆಗೂ, ಹೋಗಿ ಏನು ಹೇಳಬೇಕು ಎಂದು ವಾಕ್ಯ ಜೋಡಿಸುತ್ತಿದ್ದೆ. ಕನ್ನಡದ ಮೇಷ್ಟ್ರಿಗೆ ಒಂದು ವಾಕ್ಯವೂ ನೆಟ್ಟಗೆ ಕೂರಲಿಲ್ಲ.

ಅಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಮಗ್ಗದ ಸದ್ದು ಬರುತ್ತಿತ್ತು. ಚಪ್ಪಲಿ ಬಿಡುವಾಗ ಪಡಸಾಲೆಯ ಮೂಲೆ ಕಣ್ಣಿಗೆ ಬಿತ್ತು. ಭಾವ ನನಗೆ ಬೆನ್ನು ಮಾಡಿ ಮೇಜಿಗೆ ಕೂತಿದ್ದರು. ಬಲಗೈಯಲ್ಲಿ ಸೋಲ್ಡರಿಂಗ್ ಕಡ್ಡಿ. ಆ ಬಲಗೈಯನ್ನು ಎಡಗೈ ಬಿಗಿಯಾಗಿ ಹಿಡಿದುಕೊಂಡಿತ್ತು, ಎರಡೂ ಮೊಣಕೈ ಮೇಜಿಗೆ ಒತ್ತಿದ್ದವು. ಆದರೂ ಕಡ್ಡಿಯ ತುದಿ ನಿಲ್ಲುತ್ತಿರಲಿಲ್ಲ. ಅದು ಪಿನ್ನಿನ ಸುತ್ತ ಅಲೆದು ಅಲೆದು, ಕೊನೆಗೆ ಕರಗಿದ ಸೀಸದ ಹನಿ ಮೇಜಿನ ಮೇಲೆ ಬಿತ್ತು. ಪಕ್ಕದಲ್ಲಿ ಕೆಟ್ಟ ಪಿನ್ನುಗಳು ಮೂರೋ ನಾಲ್ಕೋ ಇದ್ದವು. ಕಾಲ ಬಳಿ ದಪ್ಪನೆಯ ಕಪ್ಪು ವೈರು ಸುರುಳಿಯಾಗಿ ಬಿದ್ದಿತ್ತು. ಅದು ನನ್ನದೇ ಎಂದು ತಿಳಿಯಲು ಅಳೆಯಬೇಕಾಗಿರಲಿಲ್ಲ.

ಮಗ್ಗ ನಿಂತಿತು. ಅಕ್ಕ ನನ್ನನ್ನು ನೋಡಿದ್ದಳು. ಹೊರಗೆ ಜಗುಲಿಗೆ ಕರೆದುಕೊಂಡು ಬಂದು ಮೆಲ್ಲಗೆ ಹೇಳಿದಳು.

"ಒಂದ್ ವರ್ಷ ಆತು ಕಣೋ. ಡಾಕ್ಟ್ರು ಇದು ಪೂರ್ತಿ ಹೋಗಲ್ಲ ಅಂದವ್ರೆ. ಅಂಗಡಿ ಮುಚ್ಚಿದ್ರು. ಯಾರ್ಗೂ ಹೇಳ್ಬ್ಯಾಡ ಅಂತ ನನ್ ಕೈಲಿ ಆಣೆ ಮಾಡ್ಸ್ಕಂಡವ್ರೆ. ಕೈಯಾಗೆ ತುತ್ತು ನಿಲ್ಲಲ್ಲ, ಅದ್ಕೇ ಚಮಚ."

ಬಸ್ಸಿನಲ್ಲಿ ಜೋಡಿಸಿದ ವಾಕ್ಯಗಳೆಲ್ಲ ಎಲ್ಲಿ ಹೋದವೋ. ಒಳಗೆ ಹೋಗಿ ಭಾವನ ಎದುರು ಕೂತು, "ಕೊಡ್ರಿ ಭಾವ, ನೀವು ಹೇಳ್ರಿ, ನಾನು ಮಾಡ್ತೀನಿ" ಎಂದೆ.

ಅವರು ನನ್ನ ಮುಖ ನೋಡಿ, ಅಕ್ಕನ ಮುಖ ನೋಡಿ, ಎಲ್ಲ ತಿಳಿದವರಂತೆ ಕಡ್ಡಿಯನ್ನು ನನ್ನ ಕೈಗಿಟ್ಟರು. ಮೊದಲನೆಯ ಸಲ ವೈರಿನ ಹೊದಿಕೆ ಸುಟ್ಟೆ. ಎರಡನೆಯ ಸಲ ನನ್ನ ಬೆರಳು ಸುಟ್ಟುಕೊಂಡೆ. ಮೂರನೆಯ ಸಲ ಪಿನ್ನು ವೈರಿಗೆ ಅಂಟುವ ಬದಲು ಮೇಜಿಗೆ ಅಂಟಿತು. ಭಾವ ಬಹಳ ದಿನದ ಮೇಲೆ ಬಾಯಿ ತುಂಬಾ ನಕ್ಕರು.

"ಮೇಷ್ಟ್ರೇ, ನಡುಗೋ ನನ್ ಕೈಯೇ ವಾಸಿ."

ಅಕ್ಕ ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಬಂದು, "ಇತ್ತ ಕೊಡು" ಎಂದಳು. ವೈರಿನ ತುದಿಯನ್ನು ಬೆಳಕಿಗೆ ಹಿಡಿದಳು. ಕಪ್ಪು ರಬ್ಬರಿನ ಕೆಳಗೆ ಸಣ್ಣ ತಾಮ್ರದ ಎಳೆಗಳು ಒಂದರ ಮೇಲೊಂದು ಹಾಯ್ದು ಒಳಗಿನ ವೈರುಗಳನ್ನು ಪೂರಾ ಸುತ್ತಿದ್ದವು.

"ಇದನ್ನೇನಾ ಶೀಲ್ಡು ಅನ್ನೋದು? ನೇಯ್ದವ್ರೆ ಕಣ್ರಿ ಇದನ್ನ" ಅಂದಳು.

ಮೂವತ್ತೈದು ವರ್ಷ ಮೇಜಿನ ಆಚೆಗೇ ಇದ್ದವಳು ಕುರ್ಚಿ ಎಳೆದುಕೊಂಡು ಕೂತಳು. ಭಾವ ತಮ್ಮ ಕನ್ನಡಕವನ್ನು ತೆಗೆದು ಅವಳಿಗೆ ಕೊಟ್ಟರು. ಅಕ್ಕನ ಬೆರಳುಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಮಗ್ಗದ ಹಾಸಿನಲ್ಲಿ ರೇಷ್ಮೆಯ ಎಳೆ ಹರಿದರೆ ಬೆರಳಿಗೆ ಚೂರು ಬೂದಿ ಹಚ್ಚಿ ಹೊಸೆದು, ಹರಿದದ್ದೇ ಸುಳ್ಳು ಎನ್ನುವ ಹಾಗೆ ಕೂಡಿಸುವ ಬೆರಳುಗಳು ಅವು. ತಾಮ್ರದ ಎಳೆಗಳನ್ನು ಸೂಜಿಯಿಂದ ಬಿಡಿಸಿ, ಒಂದೂ ಕಡಿಯದಂತೆ ಹೊಸೆದು ಜಡೆ ಮಾಡಿದಳು. ಭಾವ ಪಕ್ಕದಲ್ಲಿ ಕೂತು ತೆಲುಗಿನಲ್ಲಿ "ಮೆಲ್ಲಗಾ, ಮೆಲ್ಲಗಾ" ಎನ್ನುತ್ತಿದ್ದರು. ಹಾಗೆ ಹೇಳುವ ಅಗತ್ಯವೇ ಇರಲಿಲ್ಲ.

"ಶೀಲ್ಡು ಒಂದ್ ತುದೀಲಿ ಮಾತ್ರ ಪಿನ್ನಿಗೆ ಬೆಸಿ. ಊಫರ್ ಕಡೆ ಕತ್ತರಿಸಿ ಬಿಟ್ಬಿಡು" ಎಂದರು.

"ಯಾಕೆ? ಅರ್ಧಂಬರ್ಧ ಬಿಟ್ಟಂಗೆ ಆಗಲ್ವ?"

"ಒಳಗಡೆ ಎರಡು ಎಳೆ ಐತೆ, ಹಾಡು ಹೋಗಿ ಬರಕೆ ಅವು ಸಾಕು. ಶೀಲ್ಡು ಬರೀ ಕಾವಲಿಗೆ. ಅದನ್ನ ಎರಡೂ ಕಡೆ ಕಟ್ಟಿದ್ರೆ ಅದ್ರೊಳಗೇ ಕರೆಂಟು ಓಡಾಡಿ ಮತ್ತೆ ಗುಂಯ್ ಅಂತೈತೆ."

ಅಕ್ಕ ತಲೆಯಾಡಿಸಿ ಬೆಸೆದಳು. ಮೀಟರು ಹಚ್ಚಿದರೆ ಎಲ್ಲವೂ ಸರಿಯಿತ್ತು. ಭಾವ ಆ ಜೋಡಣೆಯನ್ನು ಉಗುರಿನಿಂದ ಎಳೆದು ನೋಡಿ, "ನನ್ನದಕ್ಕಿಂತ ನಾಜೂಕಾಗೈತೆ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು.

ಮಾರನೆಯ ವಾರ ಇಬ್ಬರೂ ಆ ಸುರುಳಿಯೊಂದಿಗೆ ಚಳ್ಳಕೆರೆಗೆ ಬಂದರು. ಕರೆಂಟಿನ ವೈರು ಇದ್ದ ಗೋಡೆ ಬಿಟ್ಟು ಎದುರು ಗೋಡೆಯ ಬುಡದಲ್ಲಿ ವೈರು ಎಳೆದೆವು. ಒಂದು ಕಡೆ ಕರೆಂಟಿನ ವೈರನ್ನು ದಾಟಲೇಬೇಕಾದಲ್ಲಿ ನೆಟ್ಟಗೆ ಅಡ್ಡ ದಾಟಿಸಿದೆವು. ಸ್ವಿಚ್ ಹಾಕಿದೆ. ಭಾವ ನೆಲಕ್ಕೆ ಕೂತು ಊಫರಿಗೆ ಕಿವಿ ಹಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಮುಖವೆತ್ತಿ, "ಉಸಿರೂ ಇಲ್ಲ" ಎಂದರು.

ಆಮೇಲೆ ಹಳೆಯ ಕಪ್ಪು ಬಿಳುಪು ಸಿನಿಮಾದ ಹಾಡೊಂದನ್ನು ಹಾಕಿದೆ. ಅಕ್ಕ ನೂರು ಸಲ ಕೇಳಿದ ಹಾಡು. ಕೇಳುತ್ತಾ ಕೇಳುತ್ತಾ, "ಇದ್ರಾಗೆ ತಬಲ ಐತಾ? ನಂಗೆ ಇಷ್ಟು ದಿನ ಗೊತ್ತೇ ಇರ್ಲಿಲ್ಲ" ಎಂದಳು. ಅವಳೂ ನನ್ನ ಹೆಂಡತಿಯೂ ಅಡುಗೆಮನೆಗೆ ಹೋದ ಮೇಲೆ ನಾನು ಭಾವನ ಪಕ್ಕ ಕೂತು, "ಅವತ್ತು ನಾಯಕನಹಟ್ಟಿ ಮದುವೇಲಿ ನಾನು..." ಎಂದು ತಡವರಿಸಿದೆ.

"ಯಾವತ್ತು? ಓ, ಅದಾ. ಪಾಯಸ ಬಲು ಚೆನ್ನಾಗಿತ್ತು ಅವತ್ತು" ಎಂದರು. ನಡುಗುವ ಕೈಯನ್ನು ನನ್ನ ಮೊಣಕಾಲಿನ ಮೇಲಿಟ್ಟರು. ನನ್ನ ಮುಂದೆ ಅದನ್ನು ಬಚ್ಚಿಡದೆ ಇದ್ದದ್ದು ಅವತ್ತೇ ಮೊದಲು.

ಅವರ ಅಂಗಡಿಯ ಬಾಗಿಲು ಮತ್ತೆ ತೆರೆಯಿತು. ಬೆಳಿಗ್ಗೆ ಅಕ್ಕ ಮಗ್ಗದಲ್ಲಿ, ಮಧ್ಯಾಹ್ನದ ಮೇಲೆ ಅಂಗಡಿಯ ಮೇಜಿನಲ್ಲಿ. ಮೊನ್ನೆ ಫೋನು ರಿಪೇರಿಯಾಗಿ ಕೈಗೆ ಬಂದ ಕೂಡಲೇ ಅವಳ ಕರೆಯೇ ಬಂತು. ದೇವಸಮುದ್ರದ ಶಾಲೆಯೊಂದರ ಸಭಾಂಗಣಕ್ಕೆ ಮೈಕಿನ ಉದ್ದನೆಯ ವೈರು ಹಾಕಬೇಕು, ಏಣಿ ಹಿಡಿಯಲು ನಾನು ಬರಬೇಕು. ಬಿಡುವು ಮಾಡಿಕೊಂಡು ನಿನ್ನೆ ಹೋದೆ. ಹೆಡ್‌ಮಾಸ್ತರು ಭಾವನಿಗೆ ಕೈಮುಗಿದು, "ನೀವೇನ್ರಿ ಮೆಕ್ಯಾನಿಕ್ಕು?" ಎಂದರು.

"ಅವ್ರು ಮೆಕ್ಯಾನಿಕ್ಕು" ಎಂದು ಭಾವ ಅಕ್ಕನನ್ನು ತೋರಿಸಿದರು. "ನಾನು ಬರೀ ಮಾತಾಡೋನು."

ಕೆಲಸ ಮುಗಿಯಿತು. ಮೈಕು ಪರೀಕ್ಷೆ ಮಾಡಬೇಕಿತ್ತು. ಭಾವ ಬಾಗಿಲಿನಿಂದ ಬಿಸಿಲು ಬೀಳುತ್ತಿದ್ದ ಹಿಂದಿನ ಬೆಂಚಿನಲ್ಲಿ ಹೋಗಿ ಕೂತರು. ಇಷ್ಟು ವರ್ಷ ಊರೂರಿಗೆ ಮೈಕು ಹಾಕಿದವರ ಹೆಂಡತಿ ಒಂದು ದಿನವೂ ಅದರಲ್ಲಿ ಮಾತಾಡಿದವಳಲ್ಲ. ಅಕ್ಕ ಸೆರಗು ಸರಿಮಾಡಿಕೊಂಡು ಅದರ ಮುಂದೆ ನಿಂತಳು. ಕಿಟಕಿಯ ಹತ್ತಿರ ಜಮಾಯಿಸಿದ ಮಕ್ಕಳೆಲ್ಲ ಕಾಯುತ್ತಿದ್ದರು.

"ಏನ್ರಿ, ಹಿಂದ್ಗಡೆ ಕೇಳ್ತೈತಾ?" ಎಂದಳು. ಅವಳ ದನಿ ಸಭಾಂಗಣದ ತುಂಬಾ ತಿಳಿಯಾಗಿ ಹರಡಿತು. ಭಾವ ಕೈ ಎತ್ತಿದರು. "ಕೇಳ್ತಿದ್ರೆ ಆ ಬಿಸಿಲಾಗ್ನಿಂದ ಎದ್ದು ಈ ಕಡೆ ಬಂದು ಕುಂತ್ಕಳ್ರಿ."

ಮಕ್ಕಳು ಗೊಳ್ಳೆಂದು ನಕ್ಕರು. ಭಾವ ಎದ್ದು ನೆರಳಿಗೆ ಬಂದು ಕೂತರು.