ಹಸಿರು ಮುಳ್ಳಿನ ಭಾನುವಾರ

ಅಪಾಯದ ಬಣ್ಣ ಕೆಂಪೆಂದು ಲೋಕವೆಲ್ಲ ಒಪ್ಪಿಕೊಂಡಿದೆ. ಟ್ರಾಫಿಕ್ ಸಿಗ್ನಲ್ಲಿನಿಂದ ಹಿಡಿದು ಉತ್ತರಪತ್ರಿಕೆಗಳ ಮೇಲೆ ನಾನೇ ಸುತ್ತುವ ಸೊನ್ನೆಯವರೆಗೆ ಅದೇ ಸಂಪ್ರದಾಯ. ನನಗೆ ಮಾತ್ರ ಹಸಿರನ್ನು ಕಂಡರೆ ಎದೆ ಝಲ್ಲೆನ್ನುತ್ತದೆ. ಗಿಡದ ಮೇಲಿನ ಹಸಿರಲ್ಲ ಮಹಾರಾಯರೇ, ತಟ್ಟೆಯ ಮೇಲಿನ ಹಸಿರು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬು ಹಿಡಿಯುತ್ತದೆ, ಆ ಹಸಿರು ಕಿಲುಬು ಹೊಟ್ಟೆಗೆ ಹೋದರೆ ಮನುಷ್ಯ ಉಳಿಯುವುದಿಲ್ಲ ಎಂಬ ಪಾಠವನ್ನು ಧಾರವಾಡದ ನಮ್ಮ ಅಡುಗೆಮನೆಯಲ್ಲಿ ಅಕ್ಷರಾಭ್ಯಾಸಕ್ಕಿಂತ ಮೊದಲೇ ಕಲಿಸಿಬಿಟ್ಟಿದ್ದರು. ಪಾತ್ರೆಯ ಒಳಮೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡದೆ ನಮ್ಮಜ್ಜಿ ಒಂದು ದಿನವೂ ಸಾರಿಗೆ ಹುಣಸೆಹುಳಿ ಹಿಂಡಿದವಳಲ್ಲ.

ಅಂಜುವುದರಲ್ಲಿ ನಾನು ಸರ್ವಸಮದರ್ಶಿ. ಕುಕ್ಕರಿನ ಸೀಟಿಗೆ ಅಂಜುತ್ತೇನೆ, ಹೊತ್ತಲ್ಲದ ಹೊತ್ತಿನಲ್ಲಿ ಗಣಗಣಿಸುವ ಫೋನಿಗೆ ಅಂಜುತ್ತೇನೆ, ಹಲ್ಲಿಗೆ ಅಂಜುತ್ತೇನೆ — ಗೋಡೆಯ ಮೇಲಿನದಕ್ಕೂ, ದಂತವೈದ್ಯರ ಕುರ್ಚಿಯಲ್ಲಿ ಕೂತಾಗ ಬಾಯೊಳಗಿನದಕ್ಕೂ. ಇಂಥವನು ಪ್ರಾಣಿಶಾಸ್ತ್ರದ ಅಧ್ಯಾಪಕನಾದದ್ದು ವಿಧಿಯ ವಿನೋದವೆಂದು ಮಿತ್ರರು ನಗುತ್ತಾರೆ. ಅವರಿಗೆ ತಿಳಿಯದ ಸಂಗತಿಯೆಂದರೆ, ವರ್ಗೀಕರಣವೆಂಬ ಶಾಖೆ ಅಂಜುಬುರುಕರಿಗೆಂದೇ ಹೇಳಿಮಾಡಿಸಿದ್ದು. ಅಲ್ಲಿ ಪ್ರಾಣಿ ಬಾಟಲಿಯೊಳಗೆ ಫಾರ್ಮಲಿನ್ನಿನಲ್ಲಿ ನಿಶ್ಚಿಂತವಾಗಿರುತ್ತದೆ. ನಾವು ಹೊರಗೆ ನಿಂತು ಗಣ, ಕುಟುಂಬ, ಜಾತಿ ಎಂದು ಅದಕ್ಕೆ ವಂಶಾವಳಿ ಬರೆಯುತ್ತೇವೆ. ಹೆಸರು ಹಚ್ಚಿದ ವಸ್ತು ಕಚ್ಚುವುದಿಲ್ಲ ಎಂದು ನಾನು ಬಹುಕಾಲ ನಂಬಿದ್ದೆ.

ತೊಂಬತ್ತರ ದಶಕದ ನಡುವಿನಲ್ಲಿ ನಾವು ಬೆಂಗಳೂರಿನ ಮರ್ಫಿ ಟೌನಿನಲ್ಲಿ ಬಾಡಿಗೆಗಿದ್ದೆವು. ಕೆಳಗೆ ನಾನು, ಹೆಂಡತಿ ಶಾಂತಾ, ಐದು ವರ್ಷದ ಮಗಳು ಚಿನ್ನು. ಮೇಲೆ ಮನೆಯ ಒಡತಿ ಸ್ಟೆಲ್ಲಾ ಆಂಟಿ. ಆಕೆ ದಂಡಿನ ಪ್ರದೇಶದಲ್ಲೇ ಹುಟ್ಟಿ ಬೆಳೆದ ತಮಿಳು ಕ್ರೈಸ್ತರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಶಾಂತಾ ಇಂದಿರಾನಗರದ ಬ್ಯಾಂಕಿಗೂ ನಾನು ಕಾಲೇಜಿಗೂ ಹೋದಮೇಲೆ ಚಿನ್ನುವಿನ ಊಟ, ನಿದ್ದೆ, ಹಟ, ಜ್ವರ ಎಲ್ಲವೂ ಆಂಟಿಯ ಮಡಿಲಲ್ಲೇ. ಸಸ್ಯಾಹಾರಿಗಳ ಈ ಕೂಸು ಭಾನುವಾರ ಚರ್ಚು ಬಿಟ್ಟ ಹೊತ್ತಿಗೆ ಮಹಡಿ ಹತ್ತಿ, ಬೆರಳಲ್ಲಿ ಮೀನಿನ ವಾಸನೆ ಹೊತ್ತು ಇಳಿದುಬರುತ್ತಿತ್ತು. ಶಾಂತಾ ಏನನ್ನೂ ಕೇಳದೆ ಅವಳ ಕೈಗೆ ನಿಂಬೆಹಣ್ಣು ತಿಕ್ಕುತ್ತಿದ್ದಳು. ಕೇಳದಿದ್ದರೆ ಗೊತ್ತಿಲ್ಲವೆಂದೇ ಅರ್ಥ ಎಂಬುದು ನಮ್ಮ ಮನೆಯ ಧರ್ಮಶಾಸ್ತ್ರವಾಗಿತ್ತು.

ಅಂಥದೊಂದು ಭಾನುವಾರ ಚಿನ್ನು ಕುಣಿಯುತ್ತ ಇಳಿದುಬಂದು ನನ್ನ ಮುಂದೆ ಮುಷ್ಟಿ ಬಿಚ್ಚಿದಳು.

“ಅಪ್ಪಾ, ನೋಡಿಲ್ಲಿ, ಹಸ್ರು ಮುಳ್ಳು! ಆಂಟಿ ಮೀನಲ್ಲಿತ್ತು. ಎಲ್ಲಾ ತಿಂದ್ಬಿಟ್ಟೆ.”

ಅಂಗೈಯಲ್ಲಿದ್ದದ್ದು ಬೆನ್ನೆಲುಬಿನ ತುಂಡು. ಅದರ ಬಣ್ಣ ಬಿಳಿಯಲ್ಲ, ಕಂದಲ್ಲ. ಅಜ್ಜಿ ತೋರಿಸಿ ತೋರಿಸಿ ಬೆದರಿಸಿದ್ದ ಅದೇ ಹಸಿರು. ಒಳಗಿನಿಂದ ಬಂದ ಶಾಂತಾ ಅದನ್ನು ನೋಡಿ ಬಿಳಿಚಿಕೊಂಡಳು. “ರೀ, ಎಲುಬು ಹಸರ ಅದಲ್ರೀ! ಯಾವ ಪಾತ್ರ್ಯಾಗ ಮಾಡ್ಯಾರ, ಮೊದಲ ಕೇಳ್ರಿ!”

ಮಹಡಿಯ ಮೆಟ್ಟಿಲನ್ನು ನಾನು ಹೇಗೆ ಹತ್ತಿದೆನೋ ತಿಳಿಯದು. ಆಂಟಿ ಮಗುವಿಗೆ ಬಡಿಸಿ ಕೊಟ್ಟು, ತಾವಿನ್ನೂ ಊಟಕ್ಕೆ ಕೂರದೆ ಅಡುಗೆಕಟ್ಟೆ ಒರೆಸುತ್ತಿದ್ದರು. ಪಾತ್ರೆಗೆ ಕಲಾಯಿ ಹಾಕಿಸಿದ್ದೀರಾ ಎಂದು ಏದುಸಿರಿನಲ್ಲೇ ಕೇಳಿದೆ.

“ಏನ್ ಸಾರ್ ಕಲಾಯಿ? ಮೀನ್ ಕೊಳಂಬು ಮಣ್ಣಿನ ಚಟ್ಟೀಲಲ್ವಾ ಮಾಡೋದು!”

ಮಣ್ಣಿನ ಮಡಕೆಗೆ ಕಿಲುಬು ಹಿಡಿಯುವುದಿಲ್ಲ. ಇದರಿಂದ ನನಗೆ ಸಮಾಧಾನವಾಗಬೇಕಿತ್ತು. ಆದರೆ ವಿಷ ಪಾತ್ರೆಯದಲ್ಲವಾದರೆ ಮೀನಿನದೇ ಆಗಿರಬೇಕಲ್ಲವೇ ಎಂಬ ತರ್ಕ ಹೊಳೆದು ಅಂಜಿಕೆ ಇಮ್ಮಡಿಯಾಯಿತು. ಆಂಟಿ ನಾನು ಚಾಚಿದ ಮುಳ್ಳನ್ನು ಕೈಗೆ ತೆಗೆದುಕೊಂಡು “ಯೇಸಪ್ಪಾ” ಎಂದಷ್ಟೇ ಅಂದರು. ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಅಂದು ಅವರು ಯಾವಾಗಲೂ ತರುವ ಮತ್ತಿ ಮೀನು ಸಿಕ್ಕಿರಲಿಲ್ಲವಂತೆ. ರಾಮೇಶ್ವರದ ಕಡೆಯ ಹವಳದ ದಿಬ್ಬಗಳಿಂದ ಮಂಜುಗಡ್ಡೆಯಲ್ಲಿ ಬಂದ ಮುರಲ್ ಎಂಬ ಮೀನನ್ನು ಅಂಗಡಿಯವನು ಕೊಟ್ಟಿದ್ದ. ಆಕೆ ಅದನ್ನು ಬೇಯಿಸಿದ್ದು ಇದೇ ಮೊದಲು.

ಮೀನಿನ ತಲೆ ಕಸದ ಬುಟ್ಟಿಯಲ್ಲಿತ್ತು. ಹೊರಗೆಳೆದು ನೋಡಿದೆ: ಇಕ್ಕಳದಂತೆ ನೀಳವಾದ ಎರಡು ದವಡೆ, ಅವುಗಳ ತುಂಬ ಸೂಜಿಮೊನೆಯ ಹಲ್ಲು. ಸೂಜಿಮೀನು! ಇಷ್ಟು ವರ್ಷ ಚಿತ್ರಪಟದಲ್ಲಿ ಕೋಲು ತೋರಿಸಿ ಪಾಠ ಹೇಳಿದ್ದ ಜೀವಿಯನ್ನು ಪ್ರತ್ಯಕ್ಷ ಕಂಡ ಸಂಭ್ರಮದಲ್ಲಿ, ನಾಚಿಕೆಗೇಡು, ಒಂದು ಕ್ಷಣ ಎಲ್ಲವನ್ನೂ ಮರೆತು “ಬೆಲೊನಿಡೇ!” ಎಂದು ಅದರ ಕುಟುಂಬದ ಹೆಸರನ್ನು ಕೂಗಿಬಿಟ್ಟೆ. ಹಾರುಮೀನುಗಳ ದಾಯಾದಿ ಕುಟುಂಬ ಅದು. ಹವಳದ ದಿಬ್ಬಗಳ ಸುತ್ತ ನೀರಿನ ಮೇಲ್ಪದರದಲ್ಲೇ ಸುಳಿದಾಡುತ್ತದೆ. ಬೆನ್ನಿನ ರೆಕ್ಕೆ ಬಾಲದ ಹತ್ತಿರ ಹಿಂದೆ ಸರಿದಿರುತ್ತದೆ. ಮೊಟ್ಟೆಗಳು ಎಳೆಗಳಿಂದ ತೇಲುವ ಪಾಚಿಗೆ ಸಿಕ್ಕಿಕೊಂಡು ಮರಿಯಾಗುತ್ತವೆ. ಮರಿಗೆ ಮೊದಲು ಕೆಳದವಡೆಯಷ್ಟೇ ಉದ್ದ ಬೆಳೆದು ಮೇಲಿನದು ಆಮೇಲೆ ಅದನ್ನು ಹಿಂಬಾಲಿಸುವುದರಿಂದ, ಎಳೆಯ ಸೂಜಿಮೀನನ್ನು ಅದರ ನಂಟ ಅರೆಕೊಕ್ಕಿನ ಮೀನೆಂದು ತಿಳಿದು ಬಲ್ಲವರೂ ಮೋಸಹೋಗುವುದುಂಟು. ದೀಪದ ಬೆಳಕಿಗೆ ಬೆದರಿದರೆ ನೀರಿನಿಂದ ಬಾಣದಂತೆ ನೆಗೆದು ದೋಣಿಯಲ್ಲಿರುವವರ ಮೈಗೇ ನಾಟಿಕೊಳ್ಳುತ್ತದೆ. ಇಷ್ಟೆಲ್ಲ ನನಗೆ ಕಂಠಪಾಠ. ಮೆಟ್ಟಿಲ ತುದಿಯಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದ ಶಾಂತಾ ಕೇಳಿದಳು:

“ಹೆಸರು ತಗೊಂಡು ಏನ್ ಮಾಡೂದ್ರಿ? ಕೂಸಿಗೆ ಏನಾಗ್ತದ ಹೇಳ್ರಿ.”

ಅದೊಂದು ಮಾತ್ರ ನನಗೆ ತಿಳಿದಿರಲಿಲ್ಲ. ಕೆಳಗೆ ಓಡಿ ದಪ್ಪ ಗ್ರಂಥವನ್ನು ತೆರೆದೆ. ಬೆನ್ನೆಲುಬಿನ ಮಣಿಗಳ ಎಣಿಕೆ ಕೊಟ್ಟಿದ್ದ ಪುಣ್ಯಾತ್ಮ ಅವುಗಳ ಬಣ್ಣವನ್ನು ಹೇಳಿರಲಿಲ್ಲ. ಬದಲಿಗೆ ಬೇರೊಂದು ಪುಟ ಕಣ್ಣಿಗೆ ಬಿತ್ತು: ಹವಳದ ದಿಬ್ಬದ ಕೆಲವು ಮೀನುಗಳ ಮಾಂಸದಲ್ಲಿ ವಿಷ ಸೇರಿಕೊಳ್ಳುವುದುಂಟು, ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಅರ್ಧ ಕಲಿತವನ ಅಂಜಿಕೆ ಏನೂ ಕಲಿಯದವನ ಅಂಜಿಕೆಗಿಂತ ಹೆಚ್ಚು ಕವಲೊಡೆಯುತ್ತದೆ ಎಂಬುದಕ್ಕೆ ಆ ಮಧ್ಯಾಹ್ನ ನಾನೇ ಸಾಕ್ಷಿ.

ಆಟೋ ಹಿಡಿದು ಹಲಸೂರಿನ ನರ್ಸಿಂಗ್ ಹೋಮಿಗೆ ಹೋದೆವು. ಡಾಕ್ಟರು ಮಗುವಿನ ಹೊಟ್ಟೆ ಒತ್ತಿ, ನಾಲಗೆ ನೋಡಿ, ಮುಳ್ಳನ್ನು ತಿರುಗಿಸಿ ನೋಡಿದರು. “ಇಂಥದ್ದು ನಾನೂ ನೋಡಿಲ್ಲ. ಈಗೇನೂ ತೊಂದ್ರೆ ಕಾಣ್ತಿಲ್ಲ. ಸಂಜೆವರೆಗೂ ಕಣ್ಣಿಟ್ಟಿರಿ, ವಾಂತಿ ಗೀಂತಿ ಆದ್ರೆ ತಕ್ಷಣ ಕರ್ಕೊಂಡ್ಬನ್ನಿ” ಎಂದರು.

ಮನೆಗೆ ಬಂದಮೇಲೆ ಚಿನ್ನು ನಿದ್ದೆಹೋದಳು. ದಿನವೂ ಬೇಡಿಕೊಂಡರೂ ಮಲಗದ ಮಗು ಅಂದು ತಾನಾಗಿ ಮಲಗಿದ್ದೇ ನಮಗೆ ದಿಗಿಲಾಯಿತು. ಮೂಗಿನ ಹತ್ತಿರ ಬೆರಳು ಹಿಡಿದೆವು, ತಾಳಲಾರದೆ ಎಬ್ಬಿಸಿದೆವು, ಅವಳು ಸಿಡುಕಿ ಒದ್ದು ಮತ್ತೆ ಮಲಗಿದಾಗ, ಒದೆಯಲು ಶಕ್ತಿಯಿದೆಯಲ್ಲ ಎಂದು ಕೃತಾರ್ಥರಾದೆವು. ನಾನೂ ಶಾಂತಾಳೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಗು ಇಲ್ಲದ ಮನೆ ಹೇಗಿರುತ್ತದೆಂದು ಇಬ್ಬರ ಮನಸ್ಸೂ ಊಹಿಸತೊಡಗಿತ್ತು.

ಆಗ ಬಾಗಿಲಲ್ಲಿ ಸ್ಟೆಲ್ಲಾ ಆಂಟಿ ನಿಂತರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅನ್ನ, ಅದರ ಮೇಲೆ ಉಳಿದಷ್ಟೂ ಮೀನು. ಇಷ್ಟು ವರ್ಷದಲ್ಲಿ ಒಮ್ಮೆಯೂ ಆಕೆ ಮೀನನ್ನು ನಮ್ಮ ಮನೆಯ ಬಳಿಗೆ ತಂದವರಲ್ಲ. “ಒಳಗ್ ತರಲ್ಲಮ್ಮ, ಇಲ್ಲೇ ಕೂತ್ಕೋತೀನಿ” ಎಂದು ಹೊಸ್ತಿಲ ಹೊರಗೆ ಕೂತರು. ಶಾಂತಾ ಎದ್ದುಹೋಗಿ ಅವರ ರಟ್ಟೆ ಹಿಡಿದಳು. “ಒಳಗ ಬರ್ರಿ ಆಂಟಿ. ಕೂಸಿನ ಹಂತ್ಯಾಕ ಕೂಡ್ರಿ.”

ಆಂಟಿ ಮಲಗಿದ್ದ ಚಿನ್ನುವಿನ ಪಕ್ಕದಲ್ಲಿ ಕೂತು ಒಂದೊಂದೇ ತುಂಡನ್ನು ಬಿಡಿಸಿ ತಿಂದರು. ಹಸಿರು ಮುಳ್ಳುಗಳು ತಟ್ಟೆಯ ಅಂಚಿನಲ್ಲಿ ಸೇರುತ್ತಹೋದವು. ಆಕೆಯ ಆ ನಿಧಾನವನ್ನು ಕಂಡು ನನ್ನ ಎದೆಬಡಿತ ಇಳಿಯಿತು. ತಮ್ಮವರಲ್ಲಿ ಯಾರನ್ನೋ ಕೇಳಿ ಇದು ನಿರಪಾಯವೆಂದು ಖಾತ್ರಿ ಮಾಡಿಕೊಂಡೇ ಬಂದಿರಬೇಕು, ನಮಗೆ ಧೈರ್ಯ ತುಂಬಲು ತಿನ್ನುತ್ತಿದ್ದಾರೆ ಎಂದುಕೊಂಡೆ. ಬಿಸಿಲು ಇಳಿದ ಮೇಲೆ ಚಿನ್ನು ತಾನಾಗಿ ಎದ್ದು, ಖಾಲಿ ತಟ್ಟೆ ನೋಡಿ, ತನಗೊಂದು ತುಂಡನ್ನೂ ಉಳಿಸಲಿಲ್ಲವೆಂದು ರಂಪ ಮಾಡಿದಳು. ಅಷ್ಟು ಹಿತವಾದ ಅಳುವನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ.

ಹಲವು ವರ್ಷಗಳ ಮೇಲೆ, ನಾವು ರಾಮಮೂರ್ತಿ ನಗರಕ್ಕೆ ಮನೆ ಬದಲಿಸಿದ್ದಾಗ, ಸೈಬರ್ ಕೆಫೆಯೊಂದರಲ್ಲಿ ಕೂತು ಹುಡುಕಿ ಉತ್ತರ ಕಂಡುಕೊಂಡೆ. ಆ ಹಸಿರು ಬಿಲಿವರ್ಡಿನ್ ಎಂಬ ವರ್ಣದ್ರವ್ಯದ್ದು. ಪೆಟ್ಟು ಬಿದ್ದ ಮೊಣಕಾಲು ಕೆಲದಿನಕ್ಕೆ ಹಸಿರು ತಿರುಗುವುದೂ ಅದರಿಂದಲೇ. ನಮ್ಮೆಲ್ಲರ ಮೈಯಲ್ಲಿರುವಂಥದೇ, ವಿಷವೇನಲ್ಲ. ಈ ಶುಭವಾರ್ತೆಯನ್ನು ಹೊತ್ತು ಮರ್ಫಿ ಟೌನಿಗೆ ಹೋಗಿ, ಪಾಠ ಹೇಳುವ ಧಾಟಿಯಲ್ಲೇ ಎಲ್ಲವನ್ನೂ ವಿವರಿಸಿ, ನಿಮಗೆ ಮಾತ್ರ ಅಂದೇ ಗೊತ್ತಿತ್ತಲ್ಲ ಆಂಟಿ, ಅದಕ್ಕೇ ಅಷ್ಟು ಧೈರ್ಯವಾಗಿ ಉಂಡಿರಿ ಎಂದೆ.

ಆಂಟಿ ನನ್ನನ್ನು ವಿಚಿತ್ರವಾಗಿ ನೋಡಿದರು.

“ನಂಗೆಲ್ಲಿ ಸಾರ್ ಗೊತ್ತಿತ್ತು? ವಿಷಾನೇ ಅಂದ್ಕೊಂಡಿದ್ದೆ. ಪಾಪು ಹೊಟ್ಟೇಲಿ ಏನಿದ್ಯೋ ಅದು ನನ್ನ ಹೊಟ್ಟೇಲೂ ಇರ್ಲಿ ಅಂತ ತಿಂದೆ, ಅಷ್ಟೇ.”