ಎರಡು ಬೆರಳು ಎತ್ತರ

ಹಳಿಯಾಳದ ನಮ್ಮ ಓಣಿಯ ಬಡಿಗೇರ ಕಾಕಾ ಕಾಗದದಲ್ಲಿ ಬರೆದುಕೊಟ್ಟ ಅಳತೆಯನ್ನು ನಂಬುತ್ತಿರಲಿಲ್ಲ. "ಕುಂತು ತೋರಸ್ರಿ" ಎನ್ನುವರು. ಕುರ್ಚಿಯಲ್ಲಿ ಕೂತವರ ಮೊಣಕೈಗೆ ಬಿದಿರ ಕಡ್ಡಿ ಹಿಡಿದು ಉಗುರಿನಿಂದ ಗೀರುವರು. ಮೇಜಿನ ಎತ್ತರ ಅಷ್ಟೇ. ಆದರೂ ಕಾಲನ್ನು ತುಸು ಉದ್ದವೇ ಬಿಡುವರು. "ಕೊಯ್ಯಾಕ ಯಾವಾಗಲೂ ಬರ್ತೈತಿ, ಬೆಳಸಾಕ ಬರಂಗಿಲ್ಲ."

ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ನನ್ನಕ್ಕ ತವರಿಗೆ ಬಂದಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದರೆ ಶಾಲೆಯಲ್ಲಿ ಕೆಲಸ ಸಿಕ್ಕೀತೆಂದು ಅಪ್ಪ ಅವಳಿಗೊಂದು ಮೇಜು ಮಾಡಲು ಹೇಳಿದರು. ಅಳತೆಗೆ ಕೂತ ಅಕ್ಕ ಸೆರಗೆಳೆದುಕೊಂಡು ಮುದುಡಿದ್ದಳು.

"ಬೆನ್ನ ನೆಟ್ಟಗ ಮಾಡವ್ವಾ" ಎಂದರು ಕಾಕಾ.

ಅವಳು ಮಾಡಲಿಲ್ಲ. ಕಾಕಾ ಕಡ್ಡಿಗೆ ಗೀರು ಹಾಕಿ, ಅದರ ಮೇಲೆ ಎರಡು ಬೆರಳಿಟ್ಟು ಇನ್ನೊಂದು ಗೀರಿದರು.

"ಎತ್ತರ ಆಗೂದಿಲ್ಲೇನ್ರಿ?" ಅಪ್ಪ ಕೇಳಿದರು.

"ಇವತ್ತಿನ ಅಳತಿಗೆ ಮಾಡಿದ್ರ ಹಿಂಗ ಉಳೀತಾಳ್ರಿ. ನೆಟ್ಟಗ ಕುಂತಾಗ ಸರಿ ಆಗ್ತೈತಿ."

ಸಾಗವಾನಿ ಮೇಜು ಬಂತು. ಆಮೇಲೆ ಕಾಕಾ ಏನಾದರೊಂದು ನೆಪ ಹೂಡಿ ಬಂದು, ಬಾಗಿಲಲ್ಲೇ ನಿಂತು, ಅಕ್ಕ ಕೂತ ಬಗೆಯನ್ನಷ್ಟೇ ನೋಡಿ ಹೋಗುತ್ತಿದ್ದರು. ಎರಡು ವರ್ಷ ಪರೀಕ್ಷೆ ಬಂದು ಹೋಯಿತು. ಅಕ್ಕ ಹೋಗಲಿಲ್ಲ. ಆ ಮೇಜಿನ ಮೇಲೆ ಭುಜವೆತ್ತಿಕೊಂಡು ಅಕ್ಕಿ ಹಸನು ಮಾಡುತ್ತಿದ್ದಳು.

ಒಂದು ಮಧ್ಯಾಹ್ನ ಕಾಕಾ ಗರಗಸ ತಂದರು. ಮೇಜು ಮಗುಚಿ ನಾಲ್ಕೂ ಕಾಲುಗಳನ್ನು ಎರಡೆರಡು ಬೆರಳು ಕೊಯ್ದರು. ಕೊಯ್ಯುವ, ಬೆಳೆಸುವ ತಮ್ಮ ಎಂದಿನ ಮಾತನ್ನು ಅಂದು ಆಡಲಿಲ್ಲ. ಒಲೆಗಾದೀತೆಂದು ಅಕ್ಕ ತುಂಡುಗಳಿಗೆ ಕೈ ಚಾಚಿದಳು.

"ಇವು ನನ್ನ ಕಡೆ ಇರಲಿ, ತಂಗೀ" ಎಂದು ನಾಲ್ಕನ್ನೂ ಚೀಲಕ್ಕೆ ಹಾಕಿಕೊಂಡು ಹೋದರು.