ನಾನು ಕಟ್ಟಿದ ಮೊದಲ ಗೋಡೆ

ಹನ್ನೆರಡು ವರ್ಷ ಗೋವಾದ ಕಟ್ಟಡಗಳಲ್ಲಿ ಸಿಮೆಂಟು ಕಲಸಿದೆ, ಕಲ್ಲು ಹೊತ್ತೆ. ಗಾರೆ ಬಳಿಯುವ ಕರಣಿ ಹಿಡಿದು ಒಂದು ಕಲ್ಲನ್ನೂ ಕೂರಿಸಿರಲಿಲ್ಲ. ಗೋಡೆ ಕಟ್ಟುವ ನಮ್ಮ ಗೌಂಡಿ ವಿಜಯಪುರದ ಕಡೆಯ ಹಿರಿಯ. "ಬಾರೋ ತಮ್ಮಾ, ಇದೊಂದು ಸಾಲು ನೀ ಇಡು" ಎಂದು ಎಷ್ಟೋ ಸಲ ಕರೆದಿದ್ದ. ನಾನು ಏನಾದರೊಂದು ನೆಪ ಹೇಳಿ ಜಾರಿಕೊಳ್ಳುತ್ತಿದ್ದೆ. ಗೋಡೆ ಸೊಟ್ಟಾದರೆ ಎಲ್ಲರೂ ನೋಡುತ್ತಾರಲ್ಲ!

ಅಲ್ಲೇ ಕುಡಚಡೆಯಲ್ಲಿ ನಮ್ಮ ಮನೆಯ ಹಿಂದೆ, ಸಿಮೆಂಟು ನೆಲದ ಸುತ್ತ ಪ್ಲಾಸ್ಟಿಕ್ ತಾಡಪತ್ರಿ ಕಟ್ಟಿದ್ದೇ ಬಚ್ಚಲು. ಗಾಳಿ ಎದ್ದರೆ ನನ್ನ ಹೆಂಡತಿ ಒಂದು ಕೈಯಲ್ಲಿ ತಾಡಪತ್ರಿ ಹಿಡಿದು ಇನ್ನೊಂದು ಕೈಯಲ್ಲಿ ನೀರು ಹಾಕಿಕೊಳ್ಳಬೇಕಿತ್ತು. ನೋಡಲಾರದೆ ಕೆಂಪು ಚಿರೆಕಲ್ಲು ತರಿಸಿದೆ. ತರಿಸಿದ್ದೇ ಬಂತು. ಆ ರಾಶಿಯ ಮುಂದೆ ನಿಂತರೆ ಮೂಲೆ, ಬಾಗಿಲು, ನೀರು ಹೋಗುವ ದಾರಿ ಎಲ್ಲ ಒಟ್ಟಿಗೇ ತಲೆಗೆ ನುಗ್ಗಿ, ಎಲ್ಲಿಂದ ಶುರು ಮಾಡುವುದೋ ತಿಳಿಯದೆ ಒಳಗೆ ಹೋಗಿಬಿಡುತ್ತಿದ್ದೆ. ಮಳೆಗಾಲ ಕಳೆಯಿತು, ಕಲ್ಲಿಗೆ ಪಾಚಿ ಹಿಡಿಯಿತು.

ಒಂದು ರವಿವಾರ ಬೆಳಿಗ್ಗೆ ಹಿತ್ತಲಲ್ಲಿ ಸಪ್ಪಳ ಕೇಳಿ ಹೋದೆ. ಹೆಂಡತಿ ಸೀರೆ ಎತ್ತಿ ಕಟ್ಟಿ, ಸಾರಿನ ಹಳೆಯ ಸೌಟಿನಿಂದ ಸಿಮೆಂಟು ಬಳಿಯುತ್ತಿದ್ದಳು.

"ಏನ ಮಾಡಾಕತ್ತೀ?"

"ಗ್ವಾಡಿ ಕಟ್ಟಾಕತ್ತೇನ್ರಿ. ನೀವು ದಣದೀರಿ, ಮಲಕೋರಿ."

ಅವಳಿಟ್ಟ ಕಲ್ಲು ಸೊಟ್ಟಗಿತ್ತು. ಪಕ್ಕದ್ದು ಇನ್ನೂ ಸೊಟ್ಟ. ನನಗೆ ತಡೆಯಲಾಗಲಿಲ್ಲ.

"ಅಯ್ಯ, ಹಂಗಲ್ಲ! ಮೊದಲ ದಾರ ಕಟ್ಟಬೇಕು. ಕೊಡ ಇಲ್ಲಿ!"

ಸೌಟು ಕಸಿದುಕೊಂಡು ಕೂತೆ. ಊಟದ ಹೊತ್ತಿಗೆ ಎರಡು ಸಾಲು ಎದ್ದಿದ್ದವು. ಗೋಡೆ ಕಟ್ಟುತ್ತಿರುವವನು ನಾನೇ ಎಂದು ಆಗಷ್ಟೇ ಹೊಳೆಯಿತು.

"ಬೇಕಂತ ಸೊಟ್ಟ ಇಟ್ಟಿಯೇನ?" ಎಂದೆ.

"ಇಲ್ರಿ, ಖರೇನ ನನಗ ಬರೂದಿಲ್ಲ" ಎಂದು ನಕ್ಕಳು. ಅದನ್ನು ನಂಬಬೇಕೋ ಬೇಡವೋ, ಇವತ್ತಿಗೂ ತಿಳಿದಿಲ್ಲ.

ಕೆಲವು ವಾರಗಳಲ್ಲಿ ಗೋಡೆ ಎದೆಮಟ್ಟ ಬಂತು. ಗೌಂಡಿಯನ್ನು ಕರೆದು ತೋರಿಸಿದೆ. ಅವನು ದಾರಕ್ಕೆ ಕಟ್ಟಿದ ಗುಂಡನ್ನು ಮೂಲೆಯಲ್ಲಿ ಇಳಿಬಿಟ್ಟ. ಗೋಡೆ ಎರಡು ಬೆರಳು ಹೊರಗೆ ಬಾಗಿತ್ತು.

"ಮ್ಯಾಲಿನ ಮೂರು ಸಾಲು ಬಿಚ್ಚು ತಮ್ಮಾ. ನನ್ನ ಮೊದಲನೇ ಗ್ವಾಡಿ ಪೂರಾ ಬಿದ್ದಿತ್ತು, ಗೊತ್ತೇನು?"

ಇಷ್ಟು ವರ್ಷ ಹೆದರಿದ್ದು 'ಬಿಚ್ಚು' ಎನ್ನುವ ಇದೇ ಮಾತಿಗೆ. ಆದರೆ ನಾಚಿಕೆಪಡಲು ಪುರಸೊತ್ತೇ ಸಿಗಲಿಲ್ಲ. ಹೆಂಡತಿ ಆಗಲೇ ಮೇಲಿನ ಕಲ್ಲು ಅಲುಗಾಡಿಸುತ್ತಾ, "ಬರ್ರಿ, ಬಿಸಲು ಏರೂದ್ರಾಗ ಮುಗಸೋಣು" ಎನ್ನುತ್ತಿದ್ದಳು. ಬಿಚ್ಚಿದೆವು, ಮತ್ತೆ ಕಟ್ಟಿದೆವು.

ಬಚ್ಚಲು ಮುಗಿದ ಮೇಲೆ ಗೌಂಡಿ ಡಿಚೋಲಿ ಊರಿನ ಒಂದು ಕೆಲಸದಲ್ಲಿ ನನ್ನ ಕೈಗೆ ಕರಣಿ ಕೊಟ್ಟು ಕಾಂಪೌಂಡ್ ಗೋಡೆಗೆ ನಿಲ್ಲಿಸಿದ. ಅಷ್ಟುದ್ದದ ಜಾಗ ನೋಡಿ ಮತ್ತೆ ಎಲ್ಲ ಒಟ್ಟಿಗೇ ತಲೆಗೆ ನುಗ್ಗಿತು. ಕಲ್ಲು ಹೊತ್ತು ತಂದ ಹೆಂಗಸು, "ಅಣ್ಣಾರ, ಎಲ್ಲಿಂದ ಕಲ್ಲ ಹಚ್ಚತೀರಿ?" ಎಂದು ಕೇಳಿದಳು.

"ಈ ಮೂಲಿಂದ" ಎಂದು ಮೊಣಕಾಲೂರಿ ಕೂತೆ.